ಪುಸ್ತಕ ಮಗಳದು, ಪ್ರಶ್ನೆ ಅಮ್ಮನದು



ಈ ಸಲ ಒಗ್ಗರಣೆ ಸೌಟನ್ನು ಸ್ವಲ್ಪ ಬದಿಗಿಟ್ಟು ಹೆಣ್ಣುಮಕ್ಕಳ ಓದಿನ ವಿಷಯ ಮಾತಾಡೋಣ. ಒಬ್ಬ ತಾಯಿ ಬರೆದ ಪತ್ರ ಓದಿದ ಮೇಲೆ ಇದನ್ನು ಮುಂದಕ್ಕೆ ಹಾಕುವುದು ಬೇಡ ಅನ್ನಿಸಿತು. ಅವರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿ ಮುಗಿಸಿ ಈಗ ಜಿಎನ್‌ಎಂ ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ಪರೀಕ್ಷೆ ಹತ್ತಿರ ಬಂದಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಂಗ್ಲಿಷ್ ಪುಸ್ತಕ ಹಿಡಿದು ಉರು ಹೊಡೆಯುತ್ತಾಳಂತೆ, ಸಂಜೆ ಹೊತ್ತಿಗೆ ಒಂದೂ ನೆನಪಿರುವುದಿಲ್ಲವಂತೆ. ‘ಓದು ಬಿಟ್ಟು ಊರಿಗೆ ಬರ್ತೀನಿ ಅಂತ ಫೋನಿನಲ್ಲಿ ಅಳ್ತಾಳೆ. ನಾನು ಓದಿದ್ದು ಎಂಟನೇ ಕ್ಲಾಸು, ನನ್ನಿಂದ ಏನಾಗುತ್ತೆ?’ ಎಂದು ಆ ತಾಯಿ ಕೇಳಿದ್ದಾರೆ.

ಖಂಡಿತ ಆಗುತ್ತೆ ಕಣ್ರೀ. ದಯವಿಟ್ಟು ಓದು ಬಿಡಿಸಬೇಡಿ. ನಾನೂ ನರ್ಸ್ ಅಲ್ಲ, ಎಸ್ಸೆಸ್ಸೆಲ್ಸಿ ಓದಿದ ಗೃಹಿಣಿ. ಆದರೆ ನಮ್ಮ ನಾದಿನಿಯ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ನರ್ಸಿಂಗ್ ಓದಿದಳು. ಅವಳ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ನಾನು. ಅದೇ ಕಾಲಕ್ಕೆ ನಮ್ಮ ಮಾವನವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಪುಸ್ತಕದ ಪಾಠ ನಡುಮನೆಯಲ್ಲಿ, ಅದರ ಪ್ರಯೋಗ ಒಳಕೋಣೆಯಲ್ಲಿ! ಆ ದಿನಗಳಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ. ನರ್ಸಿಂಗಿನ ಮೊದಲ ಪಾಠಗಳಲ್ಲಿ ಪ್ರತಿಯೊಂದು ಕೆಲಸದ ಹಿಂದೆಯೂ ಒಂದು ‘ಯಾಕೆ’ ಇದೆ. ಆ ‘ಯಾಕೆ’ ಹುಡುಗಿಗೆ ತನ್ನ ಮಾತಿನಲ್ಲಿ ತಿಳಿದುಬಿಟ್ಟರೆ ಇಂಗ್ಲಿಷ್ ತಾನಾಗಿಯೇ ಹಿಂದೆ ಬರುತ್ತದೆ. ‘ಯಾಕೆ’ ತಿಳಿಯದೆ ಉರು ಹೊಡೆದದ್ದು ಪರೀಕ್ಷೆಯ ದಿನವೂ ಕೈಕೊಡುತ್ತದೆ, ರೋಗಿಯ ಮುಂದೆಯೂ ಕೈಕೊಡುತ್ತದೆ.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಅವಳು ಇಂಗ್ಲಿಷಿನಲ್ಲಿ ಓದಲಿ, ನಿಮಗೆ ಕನ್ನಡದಲ್ಲಿ ಹೇಳಲಿ. ನೀವು ಅವರೆಕಾಳು ಬಿಡಿಸುತ್ತಲೋ, ಸೊಪ್ಪು ಸೋಸುತ್ತಲೋ ‘ಅದ್ಯಾಕಮ್ಮ ಹಾಗೆ?’ ಅಂತ ಕೇಳುತ್ತಾ ಹೋಗಿ. ನಿಮಗೆ ಅರ್ಥವಾಗುವ ಹಾಗೆ ಹೇಳಿದಳು ಅಂದರೆ ಅವಳಿಗೂ ಅರ್ಥವಾಯಿತು ಅಂತಲೇ ಲೆಕ್ಕ. ಏನೇನು ಕೇಳಬೇಕು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮನೆಯಲ್ಲಿ ವಯಸ್ಸಾದವರು, ಮಲಗಿದವರು ಇರುವ ಸೋದರಿಯರೂ ಓದಿ, ನಿಮಗೂ ಬೇಕಾದದ್ದೇ.

ಹಾಗೆ ನೋಡಿದರೆ ಈ ವಿದ್ಯೆಗೂ ನಮಗೂ ಹಳೆಯ ನಂಟು. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಕೇಳದವರಿಲ್ಲ. 1820ರ ಮೇ 12ರಂದು ಹುಟ್ಟಿದಾಕೆ. ಆ ದಿನವನ್ನೇ ಈಗ ದಾದಿಯರ ದಿನವೆಂದು ಆಚರಿಸುವುದು. 1859ರಲ್ಲಿ ಆಕೆ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಪುಸ್ತಕ ಬರೆದಳು. ಅದನ್ನು ಬರೆದದ್ದು ಆಸ್ಪತ್ರೆಯ ನರ್ಸುಗಳಿಗೆ ಪಠ್ಯಪುಸ್ತಕವಾಗಲಿ ಅಂತ ಅಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರಿಗಾಗಿ! ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ನರ್ಸಿಂಗ್ ಶಾಲೆ ಶುರುವಾದದ್ದು ಮರುವರ್ಷ, 1860ರಲ್ಲಿ. ಗಾಳಿ, ಬೆಳಕು, ಶುಚಿ, ಸದ್ದಿಲ್ಲದಿರುವುದು, ಹೊತ್ತಿಗೆ ಸರಿಯಾಗಿ ಊಟ, ಎಲ್ಲಕ್ಕಿಂತ ಹೆಚ್ಚಾಗಿ ರೋಗಿಯನ್ನು ಗಮನವಿಟ್ಟು ನೋಡುವುದು, ಇವೇ ಆ ಪುಸ್ತಕದ ವಿಷಯಗಳು. ಇಂದಿಗೂ ಮೊದಲ ವರ್ಷದ ‘ನರ್ಸಿಂಗ್ ಫೌಂಡೇಶನ್’ ಪಾಠದ ತಳಪಾಯ ಅದೇ. ಇಂಜೆಕ್ಷನ್ ಚುಚ್ಚುವುದನ್ನು ಕಲಿತರೆ ನರ್ಸ್ ಆದಂತೆ ಅಂತ ನಾವು ತಿಳಿದಿರುತ್ತೇವೆ. ಇಂಜೆಕ್ಷನ್ನಿಗೆ ಮುಂಚೆ ಕಲಿಯಬೇಕಾದ್ದು ರಾಶಿ ಇದೆ.

ಮೊದಲು ಕೈ ತೊಳೆಯುವ ಪಾಠ. ‘ಅಯ್ಯೋ, ಅದನ್ನೇನು ಕಲಿಯೋದು?’ ಅನ್ನಬೇಡಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಒಂದು ವಿಚಿತ್ರ ಗಮನಿಸಿದ. ಸೂಲಗಿತ್ತಿಯರು ಹೆರಿಗೆ ಮಾಡಿಸುವ ವಾರ್ಡಿಗಿಂತ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಮಾಡಿಸುವ ವಾರ್ಡಿನಲ್ಲೇ ಹೆಚ್ಚು ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಅಲ್ಲಿನವರು ಹೆಣ ಕೊಯ್ದು ಪಾಠ ಕಲಿತು, ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಆತ ಕಟ್ಟುಮಾಡಿದ. ಸಾವು ಥಟ್ಟನೆ ಇಳಿಯಿತು. ಆದರೂ ದೊಡ್ಡ ದೊಡ್ಡ ವೈದ್ಯರು ಬಹಳ ಕಾಲ ಅವನ ಮಾತು ಒಪ್ಪಲಿಲ್ಲವಂತೆ. ಕೈ ಕೊಳೆಯಾಗಿದೆ ಅಂದರೆ ದೊಡ್ಡವರಿಗೆ ಸಿಟ್ಟು ಬರುವುದು ಎಲ್ಲ ಕಾಲದಲ್ಲೂ ಇದ್ದದ್ದೇ!

ಯಾವಾಗ ತೊಳೆಯಬೇಕು ಅಂತ ಮಗಳನ್ನು ಕೇಳಿ. ಐದು ಹೊತ್ತು ಹೇಳಬೇಕು. ರೋಗಿಯನ್ನು ಮುಟ್ಟುವ ಮುನ್ನ, ಗಾಯ ಕಟ್ಟುವಂಥ ಶುಚಿಯ ಕೆಲಸಕ್ಕೆ ಮುನ್ನ, ರಕ್ತ ಮಲ ಮೂತ್ರ ತಾಕಿರಬಹುದಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯನ್ನು ಮುಟ್ಟದಿದ್ದರೂ ಅವರ ಮಂಚ, ಮೇಜು ಮುಟ್ಟಿದ ಮೇಲೆ. ಈ ಕೊನೆಯದನ್ನೇ ಮಕ್ಕಳು ಮರೆಯುವುದು. ಸಾಬೂನು ನೀರಿನಲ್ಲಾದರೆ ಒಟ್ಟು 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಬೇಕು.

ಇದರ ಮುಂದಿನ ಪಾಠ ‘ಅಸೆಪ್ಸಿಸ್’. ಹೆಸರು ಕೇಳಿ ಹೆದರುವ ಹುಡುಗಿಗೆ ಅಜ್ಜಿಯ ಮಡಿ ನೆನಪು ಮಾಡಿಕೊಡಿ. ಮಡಿಯಲ್ಲಿದ್ದವರು ಮಡಿಯಲ್ಲಿದ್ದದ್ದನ್ನೇ ಮುಟ್ಟಬೇಕು, ಅನುಮಾನ ಬಂದರೆ ಮೈಲಿಗೆ ಅಂತಲೇ ಲೆಕ್ಕ, ಅಲ್ಲವೆ? ಆಪರೇಷನ್ ಕೋಣೆಯ ನಿಯಮವೂ ಅದೇ. ಕ್ರಿಮಿಶುದ್ಧ ಮಾಡಿದ್ದು ಕ್ರಿಮಿಶುದ್ಧವಾದದ್ದನ್ನೇ ಮುಟ್ಟಬೇಕು. ಸೊಂಟದಿಂದ ಕೆಳಗೆ ಹೋದ ಕೈ ಕೆಟ್ಟಿತು ಅಂತ ಅರ್ಥ. ಹರಡಿಟ್ಟ ಶುದ್ಧ ಬಟ್ಟೆಗೆ ಬೆನ್ನು ತಿರುಗಿಸಬಾರದು. ಆದರೆ ಒಂದು ಕಡೆ ಹೋಲಿಕೆ ತಲೆಕೆಳಗಾಗುತ್ತದೆ, ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ. ನಮ್ಮಲ್ಲಿ ಒದ್ದೆ ಬಟ್ಟೆಯೇ ಮಡಿ, ಅಲ್ಲಿ ಒದ್ದೆಯಾದರೆ ಮೈಲಿಗೆ! ಯಾಕೆ? ನೀರು ಹೀರಿದ ಬಟ್ಟೆಯ ಮೂಲಕ ಕೆಳಗಿನ ಕ್ರಿಮಿ ಮೇಲಕ್ಕೆ ಬರುತ್ತದೆ. ಇನ್ನೊಂದು ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ. ನಮ್ಮ ಮಡಿ ಎಷ್ಟೋ ಮನುಷ್ಯರನ್ನು ಬಾಗಿಲಾಚೆ ನಿಲ್ಲಿಸಿತ್ತು. ಆಸ್ಪತ್ರೆಯ ಮಡಿಗೆ ಯಾರ ಕೈ ಎಂಬುದು ಬೇಡ, ತೊಳೆದ ಕೈಯಾದರೆ ಸಾಕು.

ಇನ್ನು ‘ವೈಟಲ್ ಸೈನ್ಸ್’. ಮೈ ಬಿಸಿ, ನಾಡಿ, ಉಸಿರು, ರಕ್ತದೊತ್ತಡ. ಅಂಕಿಗಳು ಬಾಯಿಗೆ ಬರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ದೊಡ್ಡವರಿಗೆ ಮೈ ಬಿಸಿ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37 ಡಿಗ್ರಿ ಸೆಲ್ಸಿಯಸ್. ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20, ರಕ್ತದೊತ್ತಡ 120/80ರ ಆಸುಪಾಸು. ಹಸುಗೂಸಿನ ಉಸಿರು 30ರಿಂದ 60 ಇರುತ್ತದೆ, ಮೊದಲ ಸಲ ಎಣಿಸಿದವರು ಗಾಬರಿಯಾಗುವುದುಂಟು. ಅಂಕಿ ಒಪ್ಪಿಸಿದ ಮೇಲೆ ‘ಯಾಕೆ’ಗಳನ್ನು ಕೇಳಿ. ಹೆಬ್ಬೆರಳಿನಿಂದ ನಾಡಿ ಯಾಕೆ ನೋಡಬಾರದು? ಹೆಬ್ಬೆರಳಿನಲ್ಲೇ ನಮ್ಮ ನಾಡಿ ಬಲವಾಗಿ ಬಡಿಯುತ್ತದೆ, ರೋಗಿಯದು ಅಂತ ನಮ್ಮದನ್ನೇ ಎಣಿಸಿಬಿಡುತ್ತೇವೆ. ಉಸಿರು ಎಣಿಸುವಾಗ ‘ಉಸಿರು ಎಣಿಸ್ತೀನಿ’ ಅಂತ ಯಾಕೆ ಹೇಳಬಾರದು? ಹೇಳಿದ ಕೂಡಲೆ ಯಾರೇ ಆಗಲಿ ಉಸಿರಾಟ ಬದಲಾಯಿಸುತ್ತಾರೆ. ನೀವೇ ಈಗ ಪರೀಕ್ಷಿಸಿ ನೋಡಿ, ಓದುತ್ತಿದ್ದ ಹಾಗೇ ನಿಮ್ಮ ಉಸಿರಿನ ಮೇಲೆ ಗಮನ ಹೋಗಿರಬೇಕು. ಅದಕ್ಕೇ ನಾಡಿ ಎಣಿಸಿ ಆದ ಮೇಲೂ ಮಣಿಕಟ್ಟು ಬಿಡದೆ, ಕಣ್ಣು ಮಾತ್ರ ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸುವುದು. ಬಿಸಿ ಕಾಫಿ ಕುಡಿದ ಕೂಡಲೆ ಬಾಯಿಗೆ ಥರ್ಮಾಮೀಟರ್ ಇಡಬಾರದು, ಕಾಲು ಗಂಟೆಯಿಂದ ಅರ್ಧ ಗಂಟೆ ಬಿಡಬೇಕು. ಕಂಕುಳಲ್ಲಿ ನೋಡಿದರೆ ಬಾಯಿಗಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಎಲ್ಲಿ ನೋಡಿದ್ದು ಅಂತ ಬರೆಯದಿದ್ದರೆ ಆ ಅಂಕಿಗೆ ಬೆಲೆ ಇಲ್ಲ. 2020ರ ಕೋವಿಡ್ ಕಾಲದಿಂದ ಎಷ್ಟೋ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಇದೆ. ಉಗುರುಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅದೂ ತಪ್ಪು ಹೇಳಬಹುದು.

ವಯಸ್ಸಾದವರ ಬಗ್ಗೆ ಒಂದು ಎಚ್ಚರ. ಅವರಿಗೆ ಒಳಗೆ ಸೋಂಕು ಇದ್ದರೂ ಜ್ವರ ಬಾರದೆ ಇರಬಹುದು. ನಿನ್ನೆ ಚೆನ್ನಾಗಿ ಮಾತಾಡುತ್ತಿದ್ದ ಅಜ್ಜಿ ಇವತ್ತು ಏನೇನೋ ತೊದಲುತ್ತಾರೆ, ಊಟ ಬೇಡ ಅಂತಾರೆ, ಬರೀ ನಿದ್ದೆ. ‘ವಯಸ್ಸಾಯ್ತಲ್ಲ’ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ, ಹಾಸಿಗೆ ಹುಣ್ಣು. ಇದೊಂದನ್ನು ಅರ್ಥ ಮಾಡಿಕೊಂಡ ಹುಡುಗಿ ಶುಶ್ರೂಷೆ ಅಂದರೇನು ಅಂತ ಅರ್ಧ ಅರ್ಥ ಮಾಡಿಕೊಂಡ ಹಾಗೆ. ನಾವು ಮಲಗಿದಾಗ ರಾತ್ರಿಯಿಡೀ ಗೊತ್ತಿಲ್ಲದೆಯೇ ಮಗ್ಗುಲು ಬದಲಿಸುತ್ತಿರುತ್ತೇವೆ. ಲಕ್ವ ಆದವರು, ಎಚ್ಚರ ತಪ್ಪಿದವರು, ತೊಡೆಮೂಳೆ ಮುರಿದವರು ಹಾಗೆ ಮಾಡಲಾರರು. ಒಳಗಿನ ಮೂಳೆಗೂ ಕೆಳಗಿನ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಬೀಳುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ತೊಡೆಯ ಪಕ್ಕದ ಮೂಳೆ, ಮೊಣಕೈ, ಬೆನ್ನಿನ ರೆಕ್ಕೆ ಮೂಳೆ, ತಲೆಯ ಹಿಂಭಾಗ, ಹೀಗೆ ಮೂಳೆ ಚರ್ಮಕ್ಕೆ ಹತ್ತಿರ ಇರುವ ಕಡೆಯೆಲ್ಲ ಅಪಾಯ. ಮೊದಲು ಒಂದು ಕೆಂಪು ಗುರುತು. ಒತ್ತಿದರೆ ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಹೊತ್ತು ಮೀರಿಲ್ಲ. ಒತ್ತಿದರೂ ಬಣ್ಣ ಹೋಗದಿದ್ದರೆ ಹುಣ್ಣು ಶುರುವಾಯಿತು ಅಂತ ಅರ್ಥ. ಇಲ್ಲೊಂದು ಮಾತು, ನಮ್ಮವರ ಮೈಬಣ್ಣ ಕಪ್ಪು, ಗೋಧಿ. ಕೆಂಪು ಕಣ್ಣಿಗೆ ಬೀಳುವುದಿಲ್ಲ. ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೆ, ಗಟ್ಟಿಯಾಗಿದೆಯೆ, ಬಣ್ಣ ಕಂದಿದೆಯೆ ಅಂತ ಕೈಯಿಂದ ಮುಟ್ಟಿ ನೋಡಬೇಕು.

ಅದಕ್ಕೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು ಅನ್ನುವುದು. ನಮ್ಮ ಮಾವನವರ ಕೋಣೆಯ ಗೋಡೆಗೆ ಹುಡುಗಿ ಒಂದು ಕಾಗದ ಅಂಟಿಸಿದ್ದಳು, ಆರಕ್ಕೆ ಎಡ, ಎಂಟಕ್ಕೆ ಬೆನ್ನು, ಹತ್ತಕ್ಕೆ ಬಲ, ಹೀಗೆ. ನೋಡಲು ಬಂದ ನೆಂಟರಿಗೆ ಅದು ಕ್ರೂರವಾಗಿ ಕಂಡಿತು. ‘ಪಾಪ, ಈಗ ತಾನೆ ಕಣ್ಣು ಮುಚ್ಚಿದಾರೆ, ಮಲಕ್ಕೊಳ್ಳಲಿ ಬಿಡ್ರೀ’ ಅಂತ ಹೇಳಿದವರೇ ಎಲ್ಲ. ಅವರದೂ ಪ್ರೀತಿಯ ಮಾತೇ. ಆದರೆ ಅದನ್ನು ಕೇಳಿ ಕೂತರೆ ವಾರದೊಳಗೆ ಬೆನ್ನು ಬಿರಿದಿರುತ್ತದೆ. ಆ ಹುಣ್ಣು ಮಾಯಲು ತಿಂಗಳುಗಟ್ಟಲೆ ಬೇಕು, ಎಷ್ಟೋ ಸಲ ಮಾಯುವುದೇ ಇಲ್ಲ, ನಂಜೇರಿ ಜೀವವನ್ನೂ ತೆಗೆಯುತ್ತದೆ. ಹದಿನೆಂಟು ವರ್ಷದ ಹುಡುಗಿ ಹಿರಿಯರ ಮಾತಿಗೆ ಎದುರಾಗಿ ‘ಇಲ್ಲ ದೊಡ್ಡಮ್ಮ, ಈಗ ತಿರುಗಿಸಲೇಬೇಕು’ ಅನ್ನಬೇಕಾದರೆ ಅವಳಿಗೆ ‘ಯಾಕೆ’ ಚೆನ್ನಾಗಿ ಗೊತ್ತಿರಬೇಕು. ಬರೀ ‘ಎವ್ರಿ ಟೂ ಅವರ್ಸ್’ ಅಂತ ಉರು ಹೊಡೆದವಳು ಅಲ್ಲಿ ಸುಮ್ಮನಾಗಿಬಿಡುತ್ತಾಳೆ.

ಈ ಪಾಠದಲ್ಲಿ ಹಳೆಯದು ಕೆಲವು ಬದಲಾಗಿವೆ, ಅದನ್ನೂ ಕೇಳಿ. ಹಿಂದೆ ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ಚೆನ್ನಾಗಿ ಉಜ್ಜಿ ಅನ್ನುತ್ತಿದ್ದರು. ಈಗ ಉಜ್ಜಬಾರದು ಅನ್ನುತ್ತಾರೆ, ಮೊದಲೇ ನೊಂದ ಚರ್ಮ ಒಳಗೇ ಹರಿಯುತ್ತದೆ. ರಬ್ಬರಿನ ಬಳೆಯಂಥ ದಿಂಬನ್ನೂ ಇಡಬಾರದು, ಅದರ ಅಂಚೇ ಸುತ್ತ ಒತ್ತಿ ರಕ್ತ ತಡೆಯುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಕದಂತೆ ಎತ್ತಿಡುವುದು ಸರಿ. ರೋಗಿ ಕೆಳಕ್ಕೆ ಜಾರಿದರೆ ತೋಳು ಹಿಡಿದು ಎಳೆಯಬಾರದು, ಕೆಳಗೆ ಹಾಸಿದ ದುಪ್ಪಟಿಯ ಎರಡು ಕಡೆ ಇಬ್ಬರು ಹಿಡಿದು ಎತ್ತಿ ಸರಿಸಬೇಕು. ಒದ್ದೆ ಬಟ್ಟೆ ಕೂಡಲೆ ಬದಲಿಸಿ, ಒರೆಸುವಾಗ ತಿಕ್ಕದೆ ಒತ್ತಿ ತೆಗೆಯಬೇಕು. ಹಾಸಿಗೆಯ ಸುಕ್ಕು, ಅನ್ನದ ಅಗುಳು ಸಹ ಬೆನ್ನಿಗೆ ಶತ್ರು. ಬೆಡ್ ಮೇಕಿಂಗ್ ಅಂತ ಮಕ್ಕಳ ಕೈಲಿ ದಿನಗಟ್ಟಲೆ ಚಾದರ ಬಿಗಿಸಿ ಬಿಗಿಸಿ ಹಾಸಿಸುವುದು ಸುಮ್ಮನೆ ಅಂದಕ್ಕಲ್ಲ. ಗಾಳಿ ತುಂಬುವ ಹಾಸಿಗೆ ತಂದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಬೇಳೆ, ಮೊಟ್ಟೆ, ಹಾಲು ಮೈಗೆ ಸೇರದಿದ್ದರೆ ಚರ್ಮ ಕೂಡಿಕೊಳ್ಳುವುದೂ ಇಲ್ಲ.

ಊಟ ಮಾಡಿಸುವ ಪಾಠಕ್ಕೆ ಬಂದರೆ, ನಮ್ಮ ಮನೆಗಳಲ್ಲಿ ಮಲಗಿದವರಿಗೆ ಹಾಗೇ ಮಲಗಿಸಿಕೊಂಡು ಒಳಲೆಯಲ್ಲೋ ಚಮಚದಲ್ಲೋ ಬಾಯಿಗೆ ಬಿಡುವ ಅಭ್ಯಾಸ ಇದೆಯಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಗಂಟಲಿನಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಅಕ್ಕಪಕ್ಕ. ಲಕ್ವ ಆದವರಲ್ಲಿ ಆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಆದ್ದರಿಂದ ಎತ್ತಿ ಕೂಡಿಸಿ, ಗಲ್ಲ ಸ್ವಲ್ಪ ಕೆಳಗಿರಲಿ, ಚಿಕ್ಕ ಚಮಚ, ನುಂಗಿದ್ದು ನೋಡಿಯೇ ಮುಂದಿನ ತುತ್ತು. ಕೆಮ್ಮು ಬಂದರೆ, ದನಿ ನೀರಿನಲ್ಲಿ ಗೊಳಗೊಳ ಅಂದಂತೆ ಆದರೆ ಅಲ್ಲಿಗೇ ನಿಲ್ಲಿಸಬೇಕು. ಬಲವಿಲ್ಲದ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ತೆಗೆದು ಬಾಯಿ ಸ್ವಚ್ಛ ಮಾಡಿ. ಊಟವಾದ ಮೇಲೆ ಅರ್ಧ ಗಂಟೆ ಕೂತಿರಲಿ. ನಮಗೆ ನೀರೇ ಸುಲಭ ಅನ್ನಿಸುತ್ತದೆ, ಆದರೆ ಅವರಿಗೆ ತೆಳು ನೀರೇ ಕಷ್ಟ, ಅದು ಓಡಿಬಿಡುತ್ತದೆ. ಕೆಲವರಿಗೆ ಗಟ್ಟಿ ಅಂಬಲಿಯಂಥದ್ದನ್ನು ನುಂಗುವುದು ಸಲೀಸು. ಯಾವುದು ಕೊಡಬಹುದು ಅಂತ ಡಾಕ್ಟರನ್ನು ಕೇಳಿಯೇ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಒಂದು ಹನಿ ತೀರ್ಥವನ್ನೂ ಸಹ. ಮೂರ್ಛೆರೋಗದ ಸೆಳೆತ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಹಲ್ಲಿನ ಮಧ್ಯೆ ಚಮಚ ತುರುಕುವುದು ಎರಡೂ ಬೇಡ. ಸುತ್ತ ಇರುವ ಗಟ್ಟಿ ಸಾಮಾನು ಸರಿಸಿ, ತಲೆ ಕೆಳಗೆ ಮೆತ್ತಗಿನದು ಇಟ್ಟು, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಔಷಧಿ ಕೊಡುವುದಕ್ಕೆ ಐದು ‘ಸರಿ’ಗಳಿವೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಕೊಟ್ಟದ್ದನ್ನು ಬರೆದಿಡುವುದನ್ನು ಆರನೆಯದು ಅಂತ ಸೇರಿಸುತ್ತಾರೆ. ಮೊದಲನೆಯದೇ ದಡ್ಡ ಪ್ರಶ್ನೆ ಅನ್ನಿಸುತ್ತದೆ. ಆದರೆ ಒಂದು ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮ ಕಡೆ ಏನು ವಿಶೇಷ? ‘ಲಕ್ಷ್ಮಮ್ಮ ನೀವೇನಾ?’ ಅಂದರೆ ಕಿವಿ ಮಂದವಾದ ಅಜ್ಜಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅದಕ್ಕೆ ‘ನಿಮ್ಮ ಹೆಸರೇನಮ್ಮ?’ ಅಂತ ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯ ನಂಬರನ್ನೂ ನೋಡಬೇಕು. ಚೀಟಿಯನ್ನು ಮೂರು ಸಲ ಓದುವುದು, ತೆಗೆಯುವಾಗ, ಅಳೆಯುವಾಗ, ವಾಪಸು ಇಡುವಾಗ. ಮನೆಯ ಟೀ ಚಮಚಗಳು ಒಂದೊಂದು ಒಂದೊಂದು ಅಳತೆ. ವೈದ್ಯರ ಟೀ ಚಮಚ ಅಂದರೆ 5 ಮಿಲಿಲೀಟರ್. ಬಾಟಲಿಯ ಜೊತೆ ಬಂದ ಮುಚ್ಚಳದಲ್ಲೇ ಅಳೆಯಿರಿ. ನುಂಗಲಾರರು ಅಂತ ಎಲ್ಲ ಮಾತ್ರೆಯನ್ನೂ ಪುಡಿ ಮಾಡಬೇಡಿ, ಕೆಲವು ನಿಧಾನವಾಗಿ ಕರಗಲೆಂದೇ ಮಾಡಿರುತ್ತಾರೆ. ಪುಡಿ ಮಾಡಿದರೆ ಒಂದು ದಿನದ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ. ಹಾಗೇ ಚೀಟಿಯ ಗುಟ್ಟಕ್ಷರಗಳನ್ನೂ ಕಲಿತುಬಿಡಿ. ಓಡಿ ಅಂದರೆ ದಿನಕ್ಕೊಂದು ಸಲ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಓಎಸ್ ಬೇಕಾದರೆ ಮಾತ್ರ, ಎನ್‌ಪಿಓ ಬಾಯಿಗೆ ಏನೂ ಕೊಡಬಾರದು. ‘ಓಡಿ’ಯನ್ನು ಓಡು ಅಂತ, ‘ಬಿಡಿ’ಯನ್ನು ಬಿಟ್ಟುಬಿಡಿ ಅಂತ ಹೇಳಿ ನಾವು ಎಷ್ಟು ನಕ್ಕಿದ್ದೆವೋ! ನಕ್ಕದ್ದು ಮರೆಯುವುದಿಲ್ಲ ನೋಡಿ.

ಮಕ್ಕಳಿಗೆ ಕಬ್ಬಿಣದ ಕಡಲೆ ಅನ್ನಿಸುವುದು ‘ನರ್ಸಿಂಗ್ ಪ್ರೊಸೆಸ್’. ಐದು ಹೆಜ್ಜೆ. ನೋಡಿ ಕೇಳಿ ತಿಳಿಯುವುದು, ತೊಂದರೆ ಏನೆಂದು ಗುರುತಿಸುವುದು, ಯೋಜನೆ, ಕೆಲಸ, ಆಮೇಲೆ ಫಲ ಬಂತೇ ಅಂತ ನೋಡುವುದು. ನಾವು ಅಡುಗೆಗೆ ಇಳಿಯುವಾಗ ಮಾಡುವುದೂ ಇದೇ ಅಲ್ಲವೆ? ಡಬ್ಬದಲ್ಲಿ ಏನಿದೆ ನೋಡದೆ ಯಾರೂ ಒಲೆ ಹಚ್ಚುವುದಿಲ್ಲ, ರುಚಿ ನೋಡದೆ ಇಳಿಸುವುದಿಲ್ಲ. ಇಲ್ಲಿ ಮಕ್ಕಳು ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಡಾಕ್ಟರ್ ಹೇಳುವುದು ರೋಗದ ಹೆಸರು, ನರ್ಸ್ ಬರೆಯಬೇಕಾದ್ದು ಆ ರೋಗದಿಂದ ಈ ಮನುಷ್ಯನಿಗೆ ಆಗಿರುವ ತೊಂದರೆ. ಡಾಕ್ಟರ್ ‘ಸ್ಟ್ರೋಕ್’ ಅಂದರು. ನರ್ಸ್ ‘ತಾನಾಗಿ ಮಗ್ಗುಲಾಗಲಾರರು, ಚರ್ಮ ಒಡೆಯುವ ಅಪಾಯ ಇದೆ’, ‘ನುಂಗಲು ಕಷ್ಟ’ ಅಂತ ಬರೆಯುತ್ತಾಳೆ. ಗುರಿಯೂ ಅಷ್ಟೆ. ‘ರೋಗಿ ಚೆನ್ನಾಗಿರಬೇಕು’ ಎಂದು ಬರೆದರೆ ಅಂಕ ಬರುವುದಿಲ್ಲ. ‘ಒಂದು ವಾರ ಚರ್ಮದ ಮೇಲೆ ಕೆಂಪು ಗುರುತು ಬರಕೂಡದು’ ಅಂದರೆ ಅದು ಗುರಿ, ನಾಳೆ ನೋಡಿ ಆಯಿತೋ ಇಲ್ಲವೋ ಹೇಳಬಹುದು. ‘ಮೊದಲು ಏನು ಮಾಡುತ್ತೀರಿ?’ ಎಂಬ ಪ್ರಶ್ನೆ ಬಂದರೆ ಉಸಿರು ಎಲ್ಲಕ್ಕಿಂತ ಮುಂಚೆ. ವರ್ಜೀನಿಯಾ ಹೆಂಡರ್ಸನ್ ಎಂಬ ಅಮೆರಿಕದ ನರ್ಸ್ ಮನುಷ್ಯನ 14 ಮೂಲ ಅಗತ್ಯಗಳನ್ನು ಹೇಳಿದ್ದಾಳೆ. ಅದರಲ್ಲೂ ಮೊದಲನೆಯದು ಉಸಿರಾಟವೇ, ಆಮೇಲೆ ಊಟ ನೀರು, ಆಮೇಲೆ ವಿಸರ್ಜನೆ. ಆ ಪಟ್ಟಿಯಲ್ಲಿ ತನ್ನ ನಂಬಿಕೆಯಂತೆ ಪೂಜೆ ಪ್ರಾರ್ಥನೆ ಮಾಡುವುದೂ ಇದೆ ಎಂದು ತಿಳಿದಾಗ ನನಗಂತೂ ಸಂತೋಷವಾಯಿತು. ಮಲಗಿದ ಅಜ್ಜಿಯ ಹಣೆಗೆ ಕುಂಕುಮ ಇಡುವುದೂ ಶುಶ್ರೂಷೆಯೇ ಅಂದ ಹಾಗಾಯಿತು.

ಬರೆದಿಡುವುದರ ಬಗ್ಗೆ ಹುಡುಗಿಯರಿಗೆ ಬೇಸರ. ಆದರೆ ಬರೆಯದ ಕೆಲಸ ಮಾಡದ ಕೆಲಸಕ್ಕೆ ಸಮ ಎಂಬುದೇ ಅಲ್ಲಿನ ಲೆಕ್ಕ. ಮಾಡುವ ಮುಂಚೆಯೇ ಬರೆದಿಡಬಾರದು. ತಪ್ಪಾದರೆ ಬಿಳಿ ಬಣ್ಣ ಬಳಿಯದೆ ಒಂದು ಗೆರೆ ಎಳೆದು ಸಹಿ ಹಾಕಬೇಕು. ಒಳಗೆ ಹೋದದ್ದು, ಹೊರಗೆ ಬಂದದ್ದರ ಲೆಕ್ಕವನ್ನು ಮನೆಯಲ್ಲೂ ಇಡಬಹುದು. ಇಡ್ಲಿ ಲೆಕ್ಕಕ್ಕಿಲ್ಲ, ಗಂಜಿ, ಸಾರು, ಕಾಫಿ, ಎಳನೀರು ಲೆಕ್ಕಕ್ಕೆ ಬರುತ್ತವೆ. ಮನೆಯ ಲೋಟ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅಂತ ಒಂದು ಸಲ ಅಳೆದಿಟ್ಟುಕೊಂಡರಾಯಿತು. ದೊಡ್ಡವರಿಗೆ ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾಗುತ್ತಾ ಬಂದರೆ ನರ್ಸ್ ಸುಮ್ಮನಿರುವಂತಿಲ್ಲ, ಡಾಕ್ಟರಿಗೆ ತಿಳಿಸಬೇಕು.

ಇನ್ನು ನೆರೆಹೊರೆಯವರ ಮಾತು. ಪತ್ರ ಬರೆದ ತಾಯಿಗೂ ಇದರ ಬಿಸಿ ತಟ್ಟಿದೆ. ‘ಕಂಡವರ ಮಲಮೂತ್ರ ಬಾಚೋ ಕೆಲಸ, ರಾತ್ರಿ ಪಾಳಿ ಬೇರೆ, ನಾಳೆ ಗಂಡು ಸಿಗಬೇಡವೆ?’ ಅಂತಾರಂತೆ. ಹಾಗೆನ್ನುವವರ ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿಲ್ಲವೇನೋ ಅಂತ ನನ್ನ ಅನುಮಾನ. ನಾವು ಹೆಂಗಸರು ಮನೆಮನೆಯಲ್ಲಿ ಸಂಬಳವಿಲ್ಲದೆ ಮಾಡುತ್ತಾ ಬಂದ ಕೆಲಸವನ್ನೇ ಆ ಹುಡುಗಿ ವಿದ್ಯೆಯಾಗಿ ಕಲಿತು, ನೋಂದಣಿ ಮಾಡಿಸಿಕೊಂಡು, ಸಂಬಳ ಪಡೆದು ಮಾಡುತ್ತಾಳೆ. ಅದರಲ್ಲಿ ಕೀಳು ಎಲ್ಲಿಂದ ಬಂತು? ಆ ಪಾಠಗಳಲ್ಲಿ ಮರ್ಯಾದೆಯ ಪಾಠವೂ ಇದೆ. ಮೈ ಒರೆಸುವಾಗ ಪರದೆ ಎಳೆಯಬೇಕು, ಒರೆಸುವ ಭಾಗ ಮಾತ್ರ ತೆರೆದಿರಬೇಕು, ಏನು ಮಾಡುತ್ತೇನೆಂದು ಮೊದಲೇ ಹೇಳಿ ಒಪ್ಪಿಗೆ ಕೇಳಬೇಕು, ಒಬ್ಬರ ಕಾಯಿಲೆಯನ್ನು ಬಸ್ಸಿನಲ್ಲಿ ಕೂತು ಇನ್ನೊಬ್ಬರಿಗೆ ಹೇಳಬಾರದು. ನಮ್ಮ ಮನೆಗಳಲ್ಲೇ ವಯಸ್ಸಾದವರಿಗೆ ಇಷ್ಟು ಮರ್ಯಾದೆ ಸಿಗುತ್ತದೆಯೆ, ನೀವೇ ಹೇಳಿ.

ಕೊನೆಗೆ ಇಂಗ್ಲಿಷ್ ಪದಗಳ ವಿಚಾರ. ಉದ್ದುದ್ದ ಪದಗಳನ್ನು ಇಡಿಯಾಗಿ ನುಂಗಲು ಹೋಗಬಾರದು, ಕಬ್ಬಿನ ಹಾಗೆ ಗಿಣ್ಣು ನೋಡಿ ಮುರಿಯಬೇಕು. ‘ಹೈಪರ್’ ಅಂದರೆ ಹೆಚ್ಚು, ‘ಹೈಪೋ’ ಅಂದರೆ ಕಡಿಮೆ. ‘ಟ್ಯಾಕಿ’ ಬೇಗ, ‘ಬ್ರ್ಯಾಡಿ’ ನಿಧಾನ. ‘ಕಾರ್ಡಿಯ’ ಹೃದಯ, ‘ಪ್ನಿಯ’ ಉಸಿರು. ಹಾಗಾದರೆ ‘ಟ್ಯಾಕಿಪ್ನಿಯ’ ಏನು, ‘ಬ್ರ್ಯಾಡಿಕಾರ್ಡಿಯ’ ಏನು? ಹುಡುಗಿಯೇ ಹೇಳುತ್ತಾಳೆ. ‘ಐಟಿಸ್’ ಎಂದು ಮುಗಿದರೆ ಆ ಅಂಗದ ಉರಿಯೂತ, ‘ಎಕ್ಟಮಿ’ ಎಂದು ಮುಗಿದರೆ ಆ ಅಂಗವನ್ನು ಕೊಯ್ದು ತೆಗೆಯುವುದು. ‘ಅಪೆಂಡಿಸೈಟಿಸ್’ ಆದವರಿಗೆ ‘ಅಪೆಂಡಿಸೆಕ್ಟಮಿ’ ಮಾಡುತ್ತಾರೆ, ಎಷ್ಟು ಸಲೀಸು! ಇಂಥ ಗಿಣ್ಣುಗಳನ್ನು ದಿನಕ್ಕೆ ಐದರಂತೆ ಒಂದು ಚಿಕ್ಕ ಪುಸ್ತಕದಲ್ಲಿ ಕನ್ನಡ ಅರ್ಥದ ಜೊತೆ ಬರೆದುಕೊಳ್ಳಲಿ. ಹಾಸ್ಟೆಲಿನಲ್ಲಿ ಇರುವವಳಾದರೆ ರಾತ್ರಿ ಫೋನ್ ಮಾಡಿದಾಗ ‘ಊಟ ಆಯ್ತಾ?’ ಅಂತ ಕೇಳಿದ ಮೇಲೆ ‘ಇವತ್ತಿನ ಐದು ಹೇಳು’ ಅನ್ನಿ. ಆಮೇಲೆ ಒಂದೇ ಒಂದು ‘ಯಾಕೆ’ ಕೇಳಿ. ಹತ್ತು ನಿಮಿಷ ಸಾಕು. ಪರೀಕ್ಷೆಗೆ ಇನ್ನೂ ದಿನವಿದ್ದರೆ ಮಗ್ಗುಲು ಬದಲಿಸುವುದರಿಂದಲೇ ಶುರು ಮಾಡಿ.

ನುಂಗಲು ಕಷ್ಟಪಡುವವರಿಗೆ ಗಂಟಿಲ್ಲದ ಅಂಬಲಿ, ಸೋಸಿದ ಬೇಳೆಕಟ್ಟು ಮಾಡುವ ಬಗೆ ಕೇಳಿ ಬಂದಿರುವ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ.